ಸ್ಯಾಂ ಮಾಲೋ: ಸುಟ್ಟ ಊರನ್ನು ಮತ್ತೆ ಕಟ್ಟಿದ ಬಗೆ ನೋಡಿದೆ

ಫ್ರಾನ್ಸಿನ ಸ್ಯಾಂ ಮಾಲೋ ಬಂದರಿಗೆ ಮೂರು ದಿನಕ್ಕೆಂದು ಹೋಗಿದ್ದೆ. ಪ್ಯಾರಿಸ್‌ನಿಂದ ರೈಲಿನಲ್ಲಿ ಸುಮಾರು ಎರಡೂವರೆ ಗಂಟೆ. ನಿಲ್ದಾಣದಿಂದ ಕೋಟೆಗೆ ನಡೆದೇ ಹೋದೆ.

ಕೋಟೆ ಬಾಗಿಲು ದಾಟಿದರೆ ಬೂದು ಗ್ರಾನೈಟ್ ಮನೆಗಳು, ಕಡಿದಾದ ಮಾಡು, ಎತ್ತರದ ಹೊಗೆಗೂಡು. ಎಲ್ಲ ನೂರಾರು ವರ್ಷ ಹಳೆಯದು ಅನ್ನಿಸುತ್ತದೆ, ಅಲ್ವಾ? ಆದರೆ ಹೆಚ್ಚಿನವು 1948ರಿಂದ 1960ರ ನಡುವೆ ಕಟ್ಟಿದವು. 1944ರ ಆಗಸ್ಟ್‌ನಲ್ಲಿ ಜರ್ಮನ್ನರಿಂದ ಊರು ಬಿಡಿಸಲು ಅಮೆರಿಕದ ಸೈನ್ಯ ಬಂತು. ಬಾಂಬು, ಶೆಲ್ಲು, ಬೆಂಕಿ. ಗೋಡೆಯೊಳಗಿನ ಊರಿನ ಶೇಕಡಾ 80ರಷ್ಟು ಹೋಯಿತು. ಕೋಟೆಗೋಡೆ ಮಾತ್ರ ಹೆಚ್ಚುಕಮ್ಮಿ ಹಾಗೇ ನಿಂತಿತು.

ಮೊದಲ ದಿನ ಸುಮ್ನೆ ಓಡಾಡಿದೆ, ಏನೂ ಗೊತ್ತಾಗಲಿಲ್ಲ. ಎರಡನೇ ದಿನ ಗೋಡೆ ಮೇಲೆ ಪೂರ್ತಿ ಸುತ್ತು ಹಾಕಿದೆ. ಎರಡು ಕಿಲೋಮೀಟರಿಗೆ ಸ್ವಲ್ಪ ಕಮ್ಮಿ. ಅಲ್ಲಿಂದ ಕಂಡಿತು: ಕಿಟಕಿಗಳು ಗೆರೆ ಎಳೆದ ಹಾಗೆ ಸಾಲಾಗಿವೆ, ಮೂಲೆಗಳು ಇನ್ನೂ ಸವೆದಿಲ್ಲ. ಆಮೇಲೆ ಪೆಲಿಕೊ ಬೀದಿಗೆ ಇಳಿದೆ. ಬೆಂಕಿಗೆ ಸಿಗದ, ಮರ ಮತ್ತು ಗಾಜಿನ ಮುಖದ ಹಳೇ ಮನೆ ಅಲ್ಲಿದೆ. ಅದನ್ನು ನೋಡಿದ ಮೇಲೆ ಪಕ್ಕದ ಮನೆಗಳ ಹೊಸತನ ತಾನಾಗಿಯೇ ತಿಳಿಯಿತು.

ಇದನ್ನು ನಕಲಿ ಊರು ಅನ್ನುವವರಿದ್ದಾರೆ. ನಾನು ಒಪ್ಪುವುದಿಲ್ಲ. ಬೇಗ ಬೇಗ ಕಾಂಕ್ರೀಟ್ ಕಟ್ಟಡ ಎಬ್ಬಿಸಿ ಮುಗಿಸಬಹುದಿತ್ತು. ವಾಸ್ತುಶಿಲ್ಪಿ ಲೂಯಿ ಅರೆಟ್ಶ್ ಮತ್ತು ಜೊತೆಗಾರರು ಹಾಗೆ ಮಾಡಲಿಲ್ಲ. ಹಳೇ ಊರಿನ ಎತ್ತರ, ಕಲ್ಲು, ಮಾಡಿನ ಇಳಿಜಾರು ಉಳಿಸಿಕೊಂಡರು. ಸಮುದ್ರದಿಂದ ಬರುವವನಿಗೆ ಊರು ಹಿಂದಿನಂತೆಯೇ ಕಾಣಬೇಕು ಅನ್ನುವ ಹಂಬಲ ಅದರಲ್ಲಿದೆ. ಕ್ಯಾಥೆಡ್ರಲ್‌ನ ಚೂಪು ಗೋಪುರ ಮತ್ತೆ ಏಳುವ ಹೊತ್ತಿಗೆ 1970ರ ದಶಕವೇ ಬಂದಿತ್ತು. ಒಳಗೆ ಕಿಟಕಿಗಳಿಗೆ ಹೊಸ ಕಾಲದ ಬಣ್ಣದ ಗಾಜು. ನೆಲದ ಮೇಲೆ, 1535ರಲ್ಲಿ ಕೆನಡಾಕ್ಕೆ ಹೊರಡುವ ಮುನ್ನ ನಾವಿಕ ಜಾಕ್ ಕಾರ್ಟಿಯೇ ಮೊಣಕಾಲೂರಿದ ಜಾಗದ ಗುರುತು. 1746ರಲ್ಲಿ ಇಂಗ್ಲಿಷರಿಂದ ಮದರಾಸು ಕಿತ್ತುಕೊಂಡ ಫ್ರೆಂಚ್ ನೌಕಾಧಿಕಾರಿ ಲಾ ಬೂರ್ಡೊನೆ ಹುಟ್ಟಿದ್ದೂ ಇದೇ ಊರಲ್ಲಿ.

ಹೋಗುವವರು ಮೊದಲು ಉಬ್ಬರ-ಇಳಿತದ ವೇಳಾಪಟ್ಟಿ ನೋಡಿಕೊಳ್ಳಿ. ದೊಡ್ಡ ಉಬ್ಬರದ ದಿನ ಇಲ್ಲಿ ನೀರು 12 ಮೀಟರಿಗಿಂತ ಜಾಸ್ತಿ ಏರಿಳಿಯುತ್ತದೆ. ಲೇಖಕ ಶಾಟೊಬ್ರಿಯಾಂ ಸಮಾಧಿ ಇರುವ ಗ್ರಾಂ ಬೇ ದ್ವೀಪಕ್ಕೆ ಇಳಿತದಲ್ಲಿ ಮಾತ್ರ ನಡೆದು ಹೋಗಬಹುದು. ನಾನು ತಡವಾಗಿ ಹೊರಟೆ, ಅರ್ಧ ದಾರಿಯಲ್ಲೇ ಕಾಲಿಗೆ ನೀರು ತಾಗಿತು. ವಾಪಸು ಬಂದೆ. ಅಲ್ಲಿ ಸಿಕ್ಕಿಬಿದ್ದರೆ ನೀರಿಳಿಯಲು ಗಂಟೆಗಟ್ಟಲೆ ಕಾಯಬೇಕು. ಮರುದಿನ ಬೆಳಗ್ಗೆ ಪಟ್ಟಿ ನೋಡಿಕೊಂಡು ಹೋಗಿ ಬಂದೆ.

ಕೊನೆಗೆ ಅಲೆತ್ ಗುಡ್ಡ ಹತ್ತಿದೆ. ಜರ್ಮನ್ ಸೇನಾಧಿಕಾರಿ 1944ರ ಆಗಸ್ಟ್ 17ರಂದು ಶರಣಾದದ್ದು ಅಲ್ಲೇ. ಜರ್ಮನ್ನರ ಕಾವಲಿನ ದಪ್ಪ ಉಕ್ಕಿನ ಗುಮ್ಮಟಗಳು ಇನ್ನೂ ಇವೆ. ಶೆಲ್ ಬಡಿದ ಕುಳಿಗಳ ಮೇಲೆ ಕೈಯಾಡಿಸಿದೆ. ದೂರದಲ್ಲಿ ಸೆಝಾಂಬ್ರ ದ್ವೀಪ. ಅಲ್ಲಿದ್ದ ಜರ್ಮನ್ ಪಡೆ ಸೆಪ್ಟೆಂಬರ್ 2ರವರೆಗೂ ಶರಣಾಗಲಿಲ್ಲ. ದ್ವೀಪದ ಹೆಚ್ಚಿನ ಭಾಗಕ್ಕೆ ಈಗಲೂ ಜನರನ್ನು ಬಿಡುವುದಿಲ್ಲ, ಸಿಡಿಯದ ಬಾಂಬುಗಳಿವೆ ಅಂತ.