ಮೈಲುತುತ್ತಿನಿಂದ ಮೋಲ್ ಲೆಕ್ಕ ಕಲಿಸಿದ್ದು

ಚಿಕ್ಕಮಗಳೂರಿನಲ್ಲಿ ಪಿಯುಸಿ ಮಕ್ಕಳಿಗೆ ಕೆಮಿಸ್ಟ್ರಿ ಹೇಳಿಕೊಡುತ್ತೇನೆ. ಮೋಲ್ ಅಂದರೆ ಅಣು, ಪರಮಾಣುಗಳನ್ನು ಎಣಿಸುವ ಅಳತೆ, ಡಜನ್ ಇದ್ದ ಹಾಗೆ; ಒಂದು ಮೋಲ್‌ನಲ್ಲಿ 6.022 × 10²³ ಕಣ. ಆ ಪಾಠಕ್ಕೆ ಮೊದಲೆಲ್ಲ ಬೋರ್ಡ್ ತುಂಬ ಸೂತ್ರ ಬರೆಯುತ್ತಿದ್ದೆ. ಮಕ್ಕಳು ಬಾಯಿಪಾಠ ಮಾಡುತ್ತಿದ್ದರು. ಎಲ್ಲಿ ಗುಣಿಸಬೇಕು, ಎಲ್ಲಿ ಭಾಗಿಸಬೇಕು ಅನ್ನುವುದು ಮಾತ್ರ ತಲೆಗೆ ಹತ್ತುತ್ತಿರಲಿಲ್ಲ.

ಒಂದು ಮಳೆಗಾಲದ ಶುರುವಿನಲ್ಲಿ ಕೊಪ್ಪದ ಮನೆಯಲ್ಲಿ ಅಡಿಕೆಗೆ ರೋಗ ಬರದಂತೆ ಹೊಡೆಯುವ ಬೋರ್ಡೋ ದ್ರಾವಣ ಮಾಡುತ್ತಿದ್ದರು. 100 ಲೀಟರ್ ನೀರಿಗೆ 1 ಕೆಜಿ ಮೈಲುತುತ್ತು (ಕಾಪರ್ ಸಲ್ಫೇಟಿನ ನೀಲಿ ಹರಳು), 1 ಕೆಜಿ ಸುಣ್ಣ. ಆ ಒಂದು ಕೆಜಿ ಮೈಲುತುತ್ತಿನಲ್ಲಿ ತಾಮ್ರ ಎಷ್ಟಿದೆ? ಕ್ಲಾಸಿಗೆ ಬಂದು ಅದನ್ನೇ ಕೇಳಿದೆ.

ಹೆಚ್ಚಿನವರು 159.6 ರಿಂದ ಭಾಗಿಸಿದರು. ಅದು ನೀರಿಲ್ಲದ ಕಾಪರ್ ಸಲ್ಫೇಟಿನ ಒಂದು ಮೋಲ್ ತೂಕ, ಗ್ರಾಂನಲ್ಲಿ. ನೀಲಿ ಹರಳಿನಲ್ಲಿ ಒಂದೊಂದು ತಾಮ್ರಕ್ಕೂ ಐದು ನೀರಿನ ಅಣು ಸೇರಿರುತ್ತವೆ. ಹಾಗಾಗಿ ಒಂದು ಮೋಲ್ ಅಂದರೆ 249.7 ಗ್ರಾಂ.

ಸುಮ್ನೆ ಹೇಳಿದರೆ ಮನಸ್ಸಿಗೆ ಇಳಿಯುವುದಿಲ್ಲ, ಅಲ್ವಾ? ಪಿಂಗಾಣಿ ಬಟ್ಟಲಿಗೆ 2.5 ಗ್ರಾಂ ಹರಳು ಹಾಕಿದೆವು, ಅಂದರೆ 0.01 ಮೋಲ್. ಹದವಾಗಿ ಕಾಯಿಸಿದೆವು. ಉರಿ ಜಾಸ್ತಿಯಾದರೆ ಕಪ್ಪಾಗಿ ಕೆಡುತ್ತದೆ. ಹಬೆ ಹೋಗುತ್ತಾ ನೀಲಿ ಅಂಚಿನಿಂದ ಮಾಸಿತು, ಕೊನೆಗೆ ಎಲ್ಲ ಬೂದಿಯ ಹಾಗೆ ಬೆಳ್ಳಗಾಯಿತು. ಆರಿಸಿ ತೂಗಿದರೆ 1.6 ಗ್ರಾಂ ಆಸುಪಾಸು. ತೂಕ ಇಳಿಯಿತು, ತಾಮ್ರ ಮಾತ್ರ ಅದೇ 0.01 ಮೋಲ್. ಒಂದು ಹನಿ ನೀರು ಬಿಟ್ಟೆ. ಬಿದ್ದ ಜಾಗ ಮತ್ತೆ ನೀಲಿ.

ಆಮೇಲೆ ಲೆಕ್ಕ ಸಲೀಸು. 1000 ಗ್ರಾಂ ಅನ್ನು 249.7 ರಿಂದ ಭಾಗಿಸಿದರೆ ಸುಮಾರು 4 ಮೋಲ್. ತಾಮ್ರವೂ 4 ಮೋಲ್, ಒಂದು ಮೋಲ್ ತಾಮ್ರದ ತೂಕ 63.5 ರಿಂದ ಗುಣಿಸಿದರೆ 254 ಗ್ರಾಂ. ಪರಮಾಣು ಎಷ್ಟು ಅಂತ ಬೇಕಿದ್ದರೆ 6.022 × 10²³ ರಿಂದ ಗುಣಿಸಿ: 2.4 × 10²⁴. ಆಕ್ಸಿಜನ್ ಕೇಳಿದಾಗ ತುಂಬಾ ಜನ ಎಡವುತ್ತಾರೆ. ಸಲ್ಫೇಟಿನಲ್ಲಿ ನಾಲ್ಕು, ನೀರಿನಲ್ಲಿ ಐದು, ಒಟ್ಟು ಒಂಬತ್ತು. ಹಾಗಾಗಿ 4 ಮೋಲ್ ಹರಳಿನಲ್ಲಿ 36 ಮೋಲ್, 16 ರಿಂದ ಗುಣಿಸಿದರೆ 576 ಗ್ರಾಂ. ಅರ್ಧಕ್ಕಿಂತ ಜಾಸ್ತಿ ಆಕ್ಸಿಜನ್ನೇ!

ಅಂದಿನಿಂದ ನಾನು ಒಂದೇ ಹಟ ಹಿಡಿಯುತ್ತೇನೆ. ಗ್ರಾಂನಿಂದ ನೇರವಾಗಿ ಪರಮಾಣುವಿಗೆ ಹಾರಬೇಡಿ, ಮೊದಲು ಮೋಲಿಗೆ ಬನ್ನಿ. ಅಂಕಿಯ ಪಕ್ಕದಲ್ಲಿ ಯಾವುದರ ಮೋಲ್ ಅಂತಲೂ ಬರೆಯಿರಿ. ಹರಳಿನದಾ, ತಾಮ್ರದ್ದಾ, ನೀರಿನದಾ? ಕಾಫಿ ಹಣ್ಣು ಕುಯ್ದವರು ಎಣಿಸುತ್ತಾ ಕೂರುವುದಿಲ್ಲ, ತೂಗಿಸುತ್ತಾರೆ. ಇಲ್ಲಿಯೂ ತೂಕದಿಂದಲೇ ಎಣಿಕೆ.

ಮುಂದಿನ ವಾರ ತೋಟದ ಮನೆಯ ಹುಡುಗನೊಬ್ಬ ಬಂದು, "ಮೇಡಂ, ನಮ್ಮ 50 ಕೆಜಿ ಮೈಲುತುತ್ತಿನ ಚೀಲದಲ್ಲಿ 18 ಕೆಜಿ ನೀರೇ ಇದೆ" ಅಂದ. ನೋಟ್‌ಬುಕ್ ತೆರೆದು ನೋಡಿದೆ. ಹರಳು 200 ಮೋಲ್, ನೀರು 1000 ಮೋಲ್, ಗುಣಿಸು 18 (ಒಂದು ಮೋಲ್ ನೀರಿನ ಗ್ರಾಂ ತೂಕ). ಪ್ರತಿ ಸಾಲಿನಲ್ಲೂ ಯಾವುದರ ಮೋಲ್ ಅಂತ ಬರೆದಿದ್ದ.