ಮುಧೋಳದ ನಾಯಿ, ಡೊಂಬಿವಲಿಯ ಬಚ್ಚಲು

ನಮ್ಮ ನಾಯಿ ಬೆಳ್ಳಿ ಮನೆಗೆ ಬಂದ ವಾರದಲ್ಲೇ ಕೆಳಗಿನ ಮಹಡಿಯ ಸೋಲಾಪುರದ ಅಜ್ಜ ಅವಳನ್ನು ನೋಡಿ, ‘ಹೀ ತರ ಕಾರವಾನೀ ಆಹೇ!’ ಎಂದು ಕಣ್ಣರಳಿಸಿದರು. ನಾವು ಮುಧೋಳ ಎನ್ನುವ ಬೇಟೆನಾಯಿಯನ್ನು ಮಹಾರಾಷ್ಟ್ರದವರು ಕಾರವಾನಿ ಎನ್ನುತ್ತಾರೆ. 2005ರಲ್ಲಿ ಅಂಚೆಚೀಟಿಯ ಮೇಲೂ ಬಂದ ತಳಿ ಇದು. (ಇದಕ್ಕೆ ದಿನವೂ ಓಟ ಬೇಕು, ಫ್ಲ್ಯಾಟಿನಲ್ಲಿ ಕೂಡಿಹಾಕುವವರು ಸಾಕಬಾರದು. ಆ ಜಗಳ ಇನ್ನೊಮ್ಮೆ ಆಡೋಣ.)

ಗಿಡ್ಡ, ನುಣುಪು ಕೂದಲಿನ ಈ ನಾಯಿಗೆ ಸಿಕ್ಕು ಬಿಡಿಸುವ, ಕತ್ತರಿ ಆಡಿಸುವ ಕೆಲಸವಿಲ್ಲ. ಹಾಗಾಗಿ ಸಲೂನಿಗೆ ದುಡ್ಡು ಸುರಿಯಬೇಕಿಲ್ಲ. ನೋಡಿಕೊಳ್ಳಬೇಕಾದದ್ದು ಚರ್ಮವನ್ನು. ಅದು ತೆಳು, ಕೆಳಗೆ ಕೊಬ್ಬೂ ಕಡಿಮೆ. ಬಾಗಲಕೋಟೆಯ ಒಣ ಬಯಲಿನ ನಾಯಿಗೆ ಮುಂಬೈ ಕಡೆಯ ಜಿಗುಟು ಹವೆ ಹೊಸದು.

ಮೊದಲ ಕೆಲಸಕ್ಕೆ ಯಾವ ಸಲಕರಣೆಯೂ ಬೇಡ. ವಾರಕ್ಕೊಮ್ಮೆ, ಮಳೆಗಾಲದಲ್ಲಿ ದಿನವೂ, ಮೂಗಿನಿಂದ ಬಾಲದ ತುದಿಯವರೆಗೆ ಬೆರಳಾಡಿಸಿ. ಕಿವಿಯ ಒಳಮಡಿಕೆ, ಕೊರಳಪಟ್ಟಿಯ ಅಡಿ, ಕಂಕುಳು, ಕಾಲ್ಬೆರಳ ಸಂದಿ, ಬಾಲದ ಬುಡ: ಉಣ್ಣಿಗಳು ಅಡಗುವುದು ಇಲ್ಲೇ. ಸಿಕ್ಕರೆ ಚಿಮಟದಿಂದ ಚರ್ಮಕ್ಕೆ ಆದಷ್ಟು ಹತ್ತಿರ ಹಿಡಿದು, ತಿರುಚದೆ, ನೇರವಾಗಿ ನಿಧಾನಕ್ಕೆ ಎಳೆಯಿರಿ. ಸೀಮೆಎಣ್ಣೆ ಸುರಿಯುವುದು, ಊದುಬತ್ತಿಯಿಂದ ಸುಡುವುದು ಬೇಡವೇ ಬೇಡ. ಕಿತ್ತದ್ದನ್ನು ಉಗುರಿನಿಂದ ಕುಟ್ಟದೆ ಸ್ಪಿರಿಟ್ ಇರುವ ಬಾಟಲಿಗೆ ಹಾಕಿ. ನಾಯಿಗಳ ಕಂದು ಉಣ್ಣಿ ಗೋಡೆಯ ಬಿರುಕು, ಬಾಗಿಲ ಚೌಕಟ್ಟಿನ ಸಂದಿಯಲ್ಲೂ ಮೊಟ್ಟೆಯಿಡುತ್ತದೆ. ಆದ್ದರಿಂದ ನಾಯಿಯ ಮೈಯಷ್ಟೇ ಅಲ್ಲ, ಅದು ಮಲಗುವ ಮೂಲೆಯನ್ನೂ ಗುಡಿಸಿ, ಹಾಸಿಗೆಯನ್ನು ಬಿಸಿನೀರಿನಲ್ಲಿ ಒಗೆಯಿರಿ. ಉಣ್ಣಿ ಕಂಡ ಮೇಲೆ ಜ್ವರ, ಊಟ ಬೇಡವೆನ್ನುವುದು, ಒಸಡು ಬಿಳಿಚುವುದು, ಮೂಗಿನಲ್ಲಿ ರಕ್ತ ಕಂಡರೆ ಅಂದೇ ಪಶುವೈದ್ಯರಲ್ಲಿಗೆ ಕರೆದೊಯ್ಯಿರಿ.

ಎರಡನೆಯದು ಕೂದಲು ಉಜ್ಜುವುದು. ರಬ್ಬರ್ ಹಲ್ಲುಗಳಿರುವ ಕೈಗವಸು ಸಾಕು. ಕೂದಲು ಬಾಗಿದ ದಿಕ್ಕಿನಲ್ಲೇ ಐದು ನಿಮಿಷ ಉಜ್ಜಿ. ತಂತಿ ಹಲ್ಲಿನ ಬ್ರಷ್ ಈ ಚರ್ಮವನ್ನು ಕೆರೆದು ಗಾಯ ಮಾಡುತ್ತದೆ. ಬಾಲ್ಕನಿಯಲ್ಲಿ ಉಜ್ಜುವುದಾದರೆ ಕೆಳಗಿನವರು ಬಟ್ಟೆ ಒಣಹಾಕಿದ್ದಾರೆಯೇ ಎಂದು ಬಗ್ಗಿ ನೋಡಿಕೊಳ್ಳಿ. ನಾನು ನೋಡಿರಲಿಲ್ಲ.

ಮೂರನೆಯದು ಸ್ನಾನ. ನಾಲ್ಕರಿಂದ ಆರು ವಾರಕ್ಕೊಮ್ಮೆ ಮಾಡಿಸಿದರೆ ಸಾಕು. ಹೆಚ್ಚಾದರೆ ಚರ್ಮದ ಎಣ್ಣೆಯಂಶ ಹೋಗಿ ತುರಿಕೆ ಶುರುವಾಗುತ್ತದೆ. ನಾವು ಹಚ್ಚುವ ಶಾಂಪೂ ಬೇಡ. ನಮ್ಮ ಚರ್ಮ ತುಸು ಆಮ್ಲೀಯ, ನಾಯಿಯದು ಹಾಗಲ್ಲ. ನೆಲ ಒರೆಸುವ ಫಿನಾಯಿಲನ್ನು ನೀರಿಗೆ ಬೆರೆಸುವವರೂ ಇದ್ದಾರೆ. ಅದು ನಾಯಿಗೆ ವಿಷ. ಬಚ್ಚಲಿನ ಟೈಲ್ಸ್ ಮೇಲೆ ಗೋಣಿಚೀಲ ಹಾಸಿ. ಕಾಲು ಜಾರಿದ ನಾಯಿ ಮುಂದಿನ ಸಲ ಬಚ್ಚಲ ಬಾಗಿಲು ಕಂಡರೆ ಮಂಚದಡಿ ಸೇರುತ್ತದೆ. ಕಿವಿಗೆ ಸಡಿಲವಾಗಿ ಹತ್ತಿ ಇಡಿ. ಉಗುರುಬೆಚ್ಚಗಿನ ನೀರನ್ನು ಚೊಂಬಿನಲ್ಲಿ ಮೊದಲು ಕುತ್ತಿಗೆಯ ಸುತ್ತ ಹಾಕಿ, ಅಲ್ಲೇ ನೊರೆ ಬರಿಸಿ. ಇಲ್ಲದಿದ್ದರೆ ಚಿಗಟಗಳೆಲ್ಲ ಮುಖದ ಕಡೆಗೆ ಓಡುತ್ತವೆ. ನಂತರ ಬೆನ್ನು, ಹೊಟ್ಟೆ, ಕಾಲು. ಮುಖಕ್ಕೆ ಒದ್ದೆ ಬಟ್ಟೆ ಮಾತ್ರ. ನೊರೆ ಪೂರ್ತಿ ಹೋಗುವವರೆಗೆ ತೊಳೆಯಿರಿ, ಅಂದರೆ ನಿಮಗೆ ಸಾಕೆನಿಸಿದ ಮೇಲೆ ಇನ್ನೂ ಎರಡು ಬಕೆಟ್. ನಲ್ಲಿಯಲ್ಲಿ ನೀರು ಬರುವ ಹೊತ್ತು ನೋಡಿಕೊಂಡೇ ಆರಂಭಿಸಿ. ಹಳೆಯ ಪಂಚೆಯಿಂದ ಒತ್ತಿ ಒರೆಸಿ, ಫ್ಯಾನಿನಡಿ ಬಿಡಿ, ಕಿವಿಯ ಹತ್ತಿ ತೆಗೆಯಲು ಮರೆಯಬೇಡಿ.

ಜೂನ್‌ನಿಂದ ಸೆಪ್ಟೆಂಬರ್‌ವರೆಗೆ ಇನ್ನೊಂದು ಕೆಲಸ ಹೆಚ್ಚು. ರಸ್ತೆಯಲ್ಲಿ ನಿಂತ ನೀರಿನಲ್ಲಿ ಇಲಿಯ ಮೂತ್ರ ಬೆರೆತಿರುತ್ತದೆ, ಅದರಿಂದ ಹರಡುವ ಲೆಪ್ಟೊಸ್ಪೈರೋಸಿಸ್ (ಇಲಿಜ್ವರ) ನಾಯಿಗೂ ಬರುತ್ತದೆ, ನಮಗೂ ಬರುತ್ತದೆ. ಸಾಧ್ಯವಾದಷ್ಟು ಆ ನೀರಿಗೆ ಇಳಿಸಬೇಡಿ. ಇಳಿದಿದ್ದರೆ ಮನೆ ಸೇರಿದೊಡನೆ ಕಾಲು ತೊಳೆದು, ಬೆರಳ ಸಂದಿಗಳನ್ನು ಒಂದೊಂದಾಗಿ ಒರೆಸಿ, ನಿಮ್ಮ ಕೈಕಾಲನ್ನೂ ಸೋಪಿನಿಂದ ತೊಳೆದುಕೊಳ್ಳಿ. ಈ ರೋಗಕ್ಕೆ ನಾಯಿಗಳಿಗೆ ಲಸಿಕೆಯಿದೆ, ವರ್ಷಕ್ಕೊಮ್ಮೆ ಹಾಕಿಸಬೇಕು.

ಕೊನೆಗೆ ಉಗುರು. ನಡೆಯುವಾಗ ನೆಲದ ಮೇಲೆ ಟಕಟಕ ಸದ್ದು ಕೇಳಿದರೆ ಉಗುರು ಬೆಳೆದಿದೆ ಎಂದರ್ಥ. ಬಿಳಿ ಉಗುರಿನಲ್ಲಿ ಒಳಗಿನ ಗುಲಾಬಿ ರಕ್ತನಾಳ ಕಾಣುತ್ತದೆ, ಕಪ್ಪು ಉಗುರಿನಲ್ಲಿ ಕಾಣುವುದಿಲ್ಲ. ಕಪ್ಪಾದರೆ ಅಕ್ಕಿಕಾಳಿನ ದಪ್ಪದಷ್ಟೇ ಕತ್ತರಿಸಿ. ಕತ್ತರಿಸಿದ ಮುಖದ ನಡುವೆ ಕಪ್ಪು ಚುಕ್ಕೆ ಕಂಡೊಡನೆ ನಿಲ್ಲಿಸಿ. ಮೊದಲ ಸಲ ನಾನು ಧೈರ್ಯ ಹೆಚ್ಚಾಗಿ ಒಂದು ಉಗುರಿನಲ್ಲಿ ರಕ್ತ ಬರಿಸಿದೆ. ಕಾರ್ನ್‌ಫ್ಲೋರ್ ಒತ್ತಿ ಹಿಡಿದಾಗ ರಕ್ತ ನಿಂತಿತು, ಆದರೆ ಬೆಳ್ಳಿಯ ಸಿಟ್ಟು ನಿಲ್ಲಲು ಎರಡು ತಿಂಗಳು ಬೇಕಾಯಿತು. ಈಗ ದಿನಕ್ಕೆ ಎರಡೇ ಉಗುರು ಕತ್ತರಿಸುತ್ತೇನೆ. ಪ್ರತಿಸಲವೂ ಒಂದು ತುಂಡು ಬೇಯಿಸಿದ ಕೋಳಿ ಅವಳ ಕೂಲಿ.