ಓರೆಯಾಗಿ ತೆಗೆದ ಶಾಸನದ ಫೋಟೊ ನೇರ ಮಾಡುವುದು: ನನ್ನ ಅನುಭವ

ಶಾಸನದ ಕಲ್ಲಿಗೆ ಎದುರಾಗಿ ನಿಂತು ಫೋಟೊ ತೆಗೆಯುವ ಅವಕಾಶ ಸಿಗುವುದೇ ಅಪರೂಪ. ಒಂದು ಕಲ್ಲು ಅರಳಿಕಟ್ಟೆಗೆ ಒರಗಿರುತ್ತದೆ. ಇನ್ನೊಂದರ ಮುಂದೆ ಚರಂಡಿ. ಮತ್ತೊಂದು ಅರ್ಧ ಮಣ್ಣಲ್ಲಿ ಹೂತಿರುತ್ತದೆ. ಪಕ್ಕಕ್ಕೆ ನಿಂತೋ ಬಗ್ಗಿಯೋ ತೆಗೆದರೆ ಸಾಲುಗಳು ಒಂದು ಕಡೆ ಕಿರಿದು, ಇನ್ನೊಂದು ಕಡೆ ಅಗಲ. ಸವೆದ ಹಳಗನ್ನಡ ಅಕ್ಷರ ಓದುವುದೇ ಕಷ್ಟ. ಆಕಾರವೂ ಕೆಟ್ಟರೆ ‘ಪ’ ಯಾವುದು, ‘ವ’ ಯಾವುದು ಅಂತ ತಡಕಾಡಬೇಕಾಗುತ್ತದೆ.

ಇದಕ್ಕೆ ನಾನು ಬಳಸುವುದು ಇಮೇಜ್‌ಮ್ಯಾಜಿಕ್. ಜಾನ್ ಕ್ರಿಸ್ಟಿ ಅವರು ಡುಪಾಂಟ್ ಕಂಪನಿಯಲ್ಲಿದ್ದಾಗ 1987ರಲ್ಲಿ ಶುರು ಮಾಡಿದ ತಂತ್ರಾಂಶ ಇದು. 1990ರಿಂದ ಎಲ್ಲರಿಗೂ ಉಚಿತ. ಮೆನು ಹುಡುಕುವ ಕೆಲಸ ಇಲ್ಲ, ಟರ್ಮಿನಲ್‌ನಲ್ಲಿ, ಅಂದರೆ ಅಕ್ಷರದಲ್ಲೇ ಆದೇಶ ಕೊಡುವ ಕಿಟಕಿಯಲ್ಲಿ, ಕಮಾಂಡ್ ಟೈಪ್ ಮಾಡಿದರಾಯಿತು. ಫೋಟೊ ತಿದ್ದುವ ಗಿಂಪ್ ತಂತ್ರಾಂಶದಲ್ಲಿ ಮೌಸ್ ಹಿಡಿದು ಮೂಲೆ ಎಳೆಯಬಹುದಲ್ವಾ ಅಂತ ಕೇಳಬಹುದು. ಒಂದೇ ಫೋಟೊ ಆದರೆ ಧಾರಾಳವಾಗಿ ಗಿಂಪ್ ಬಳಸಿ. ಶಾಸನಕ್ಕೆ ಒಂದೇ ಫೋಟೊ ಸಾಲದು, ಅದೇ ಸಮಸ್ಯೆ. ಸಂಜೆ ಹೊತ್ತು ಕ್ಯಾಮೆರಾವನ್ನು ಟ್ರೈಪಾಡ್ ಮೇಲೆ ನಿಲ್ಲಿಸಿ, ಟಾರ್ಚ್ ಬೆಳಕನ್ನು ಎಡದಿಂದ, ಬಲದಿಂದ, ಮೇಲಿಂದ, ಕೆಳಗಿಂದ ಕಲ್ಲಿಗೆ ಸವರಿದ ಹಾಗೆ ಬಿಡುತ್ತಾ ಒಂದೊಂದು ಫೋಟೊ ತೆಗೆಯುತ್ತೇನೆ. ಕ್ಯಾಮೆರಾ ಅಲುಗಿಲ್ಲ ಅಂದಮೇಲೆ ಎಲ್ಲ ಫೋಟೊದಲ್ಲೂ ಮೂಲೆಗಳು ಅಲ್ಲಲ್ಲೇ ಇರುತ್ತವೆ. ಒಮ್ಮೆ ಅಂಕಿ ಗುರುತು ಹಾಕಿಕೊಂಡರೆ ಅದೇ ಕಮಾಂಡ್ ಎಲ್ಲದಕ್ಕೂ ಓಡುತ್ತದೆ.

ಕಮಾಂಡ್‌ನ ಹೆಸರು ಡಿಸ್ಟಾರ್ಟ್, ಅದರಲ್ಲಿ ಪರ್ಸ್‌ಪೆಕ್ಟಿವ್ ಅನ್ನುವ ಬಗೆ. ಅದು ಕೇಳುವುದು ನಾಲ್ಕು ಜೋಡಿ ಬಿಂದು. ಫೋಟೊದಲ್ಲಿ ಈ ಬಿಂದು ಇಲ್ಲಿದೆ, ಹೊಸ ಚಿತ್ರದಲ್ಲಿ ಅಲ್ಲಿಗೆ ಹೋಗಬೇಕು, ಹೀಗೆ ನಾಲ್ಕು ಸಲ. ಒಟ್ಟು ಹದಿನಾರು ಅಂಕಿ. ಒಳಗೆ ಅದು ಎಂಟು ಸಮೀಕರಣ ಬಿಡಿಸಿ ಎಂಟು ಗುಣಾಂಕ ಕಂಡುಹಿಡಿಯುತ್ತದೆ. ಆಮೇಲೆ ಹೊಸ ಚಿತ್ರದ ಪ್ರತಿ ಪಿಕ್ಸೆಲ್‌ಗೂ ಹಳೆ ಚಿತ್ರದಲ್ಲಿ ಬಣ್ಣ ಎಲ್ಲಿದೆ ಅಂತ ಹಿಂದಕ್ಕೆ ಹೋಗಿ ನೋಡುತ್ತದೆ. ಅದಕ್ಕೇ ಹೊಸ ಚಿತ್ರದಲ್ಲಿ ನಡುನಡುವೆ ತೂತು ಬೀಳುವುದಿಲ್ಲ.

ಆ ನಾಲ್ಕು ಬಿಂದು ಯಾವುದು ಅನ್ನುವುದರಲ್ಲೇ ಇಡೀ ಕೆಲಸ ಇದೆ. ಕಾಗದವೋ ಬೋರ್ಡೋ ಆಗಿದ್ದರೆ ಅದರ ನಾಲ್ಕು ಮೂಲೆ ಹಿಡಿದರೆ ಸಾಕು. ಎ4 ಹಾಳೆ 210 × 297 ಮಿಲಿಮೀಟರ್ ಅಂತ ಲೋಕಕ್ಕೇ ಗೊತ್ತು. ಶಾಸನದ ಕಲ್ಲು ಹಾಗಲ್ಲ. ಅದು ಚೌಕವೇ ಅಲ್ಲ. ಬುಡ ಅಗಲ, ತಲೆ ಕಿರಿದು, ಒಂದು ಕಡೆ ಚಕ್ಕೆ ಎದ್ದಿರುತ್ತದೆ. ಕಲ್ಲಿನ ಮೂಲೆಗಳನ್ನೇ ಎಳೆದು ಆಯತ ಮಾಡಿದರೆ ನೋಡಲು ಚೆಂದ ಕಾಣುತ್ತದೆ, ಆದರೆ ಅದು ಇಲ್ಲದ ಕಲ್ಲು. ಅಕ್ಷರಗಳೂ ಸೊಟ್ಟ ಆಗಿರುತ್ತವೆ, ನೋಡಿದವರಿಗೆ ಗೊತ್ತೂ ಆಗುವುದಿಲ್ಲ.

ಅದಕ್ಕೆ ತೆಳ್ಳನೆಯ ಮರದ ಪಟ್ಟಿಗಳಿಂದ ಒಂದು ಚೌಕಟ್ಟು ಮಾಡಿಸಿಕೊಂಡೆ. ಒಳಗಳತೆ ಅಗಲ 60, ಎತ್ತರ 80 ಸೆಂಟಿಮೀಟರ್. ಈ ಅಳತೆಗೆ ಕಾರಣ ಇದೆ. ಎರಡೂ ಕರ್ಣ ಸರಿಯಾಗಿ 100 ಸೆಂಟಿಮೀಟರ್ ಬರಬೇಕು. ಮನೆ ಪಾಯ ಹಾಕುವಾಗ ಮೇಸ್ತ್ರಿಗಳು ಮೂಲೆ ಮಟ್ಟ ನೋಡುವ ಅದೇ ಮೂರು-ನಾಲ್ಕು-ಐದರ ಲೆಕ್ಕ. ಟೇಪು ಹಿಡಿದರೆ ಚೌಕಟ್ಟು ಸೊಟ್ಟಗಾಗಿದೆಯೋ ಇಲ್ಲವೋ ಅಲ್ಲೇ ತಿಳಿಯುತ್ತದೆ. ಇದನ್ನು ಕಲ್ಲಿಗೆ ಸುಮ್ನೆ ಆನಿಸುತ್ತೇನೆ. ಅಂಟು, ಮೊಳೆ, ಸೀಮೆಸುಣ್ಣ ಯಾವುದೂ ಬೇಡ. ಅಕ್ಷರಕ್ಕೆ ಸೀಮೆಸುಣ್ಣ ತುಂಬಿ ಫೋಟೊ ತೆಗೆಯುವವರನ್ನು ಕಂಡರೆ ನನಗೆ ಆಗುವುದಿಲ್ಲ. ಅಲ್ಲಿ ಕಾಣುವುದು ಕಲ್ಲಲ್ಲಿ ಇರುವ ಅಕ್ಷರ ಅಲ್ಲ, ತುಂಬಿದವರು ಊಹಿಸಿದ ಅಕ್ಷರ.

ಚೌಕಟ್ಟಿಟ್ಟು ಮೊದಲ ಫೋಟೊ. ಆಮೇಲೆ ಅದನ್ನು ತೆಗೆದಿಟ್ಟು, ಕ್ಯಾಮೆರಾ ಮುಟ್ಟದೆ, ಉಳಿದ ಫೋಟೊಗಳು.

ಮನೆಗೆ ಬಂದಮೇಲೆ ಮೊದಲು ಇಮೇಜ್‌ಮ್ಯಾಜಿಕ್‌ನ ಆಟೋ-ಓರಿಯೆಂಟ್ ಓಡಿಸಬೇಕು. ಮೊಬೈಲ್ ಫೋಟೊದಲ್ಲಿ ‘ಇದನ್ನು ತಿರುಗಿಸಿ ತೋರಿಸು’ ಅನ್ನುವ ಗುರುತು ಮಾತ್ರ ಇರುತ್ತದೆ. ತೋರಿಸುವ ಆ್ಯಪ್ ಅದನ್ನು ಪಾಲಿಸುತ್ತದೆ, ಇಮೇಜ್‌ಮ್ಯಾಜಿಕ್ ನೀವು ಹೇಳದೆ ಪಾಲಿಸುವುದಿಲ್ಲ. ಹಾಗೆ ತಿರುಗಿಸಿದ ಫೈಲನ್ನೇ ಗಿಂಪ್‌ನಲ್ಲಿ ತೆರೆದು, ಮೂಲೆ ಮೇಲೆ ಮೌಸ್ ಇಟ್ಟು, ಕೆಳಗೆ ಕಾಣುವ ಅಂಕಿ ಬರೆದುಕೊಳ್ಳುತ್ತೇನೆ. ಚೆನ್ನಾಗಿ ಜೂಮ್ ಮಾಡಿ. ಪಟ್ಟಿಗೂ ದಪ್ಪ ಇದೆ ಅನ್ನುವುದು ನೆನಪಿರಲಿ. ನಮ್ಮ ಕಡೆಗಿರುವ ಅಂಚು ಹಿಡಿಯಬಾರದು. ಕಲ್ಲಿಗೆ ತಾಗಿರುವ ಹಿಂದಿನ ಒಳಮೂಲೆಯನ್ನೇ ಹಿಡಿಯಬೇಕು. ಓರೆಯಿಂದ ತೆಗೆದಾಗ ಈ ಎರಡಕ್ಕೂ ಸಾಕಷ್ಟು ಪಿಕ್ಸೆಲ್ ಅಂತರ ಬರುತ್ತದೆ.

ಒಂದು ಸೆಂಟಿಮೀಟರಿಗೆ 20 ಪಿಕ್ಸೆಲ್ ಅಂತ ಇಟ್ಟುಕೊಂಡರೆ ಚೌಕಟ್ಟಿನ ಒಳಭಾಗ 1200 × 1600 ಆಗುತ್ತದೆ. ಕಮಾಂಡ್ ಹೀಗೆ (ಇಲ್ಲಿ ಕನ್ನಡದಲ್ಲಿದೆ, ಟೈಪ್ ಮಾಡುವಾಗ ಇಂಗ್ಲಿಷ್ ಅಕ್ಷರ):

ಮ್ಯಾಜಿಕ್ ಕಲ್ಲು.ಪಿಎನ್‌ಜಿ -ವರ್ಚುವಲ್-ಪಿಕ್ಸೆಲ್ ವೈಟ್ -ಡಿಫೈನ್ ಡಿಸ್ಟಾರ್ಟ್:ವ್ಯೂಪೋರ್ಟ್=2000x2400-400-400 -ಡಿಸ್ಟಾರ್ಟ್ ಪರ್ಸ್‌ಪೆಕ್ಟಿವ್ '1012,640 0,0 1988,702 1200,0 2204,2410 1200,1600 790,2368 0,1600' +ರೀಪೇಜ್ ನೇರ.ಪಿಎನ್‌ಜಿ

ವ್ಯೂಪೋರ್ಟ್ ಅಂದರೆ ಚೌಕಟ್ಟಿನ ಸುತ್ತ ಇನ್ನೆಷ್ಟು ಕಲ್ಲು ಬೇಕು ಅನ್ನುವುದು. ಇಲ್ಲಿ ನಾಲ್ಕೂ ಕಡೆ 400 ಪಿಕ್ಸೆಲ್, ಅಂದರೆ 20 ಸೆಂಟಿಮೀಟರ್ ಜಾಸ್ತಿ ಕೇಳಿದ್ದೇನೆ. ಚೌಕಟ್ಟಿನಿಂದ ತುಂಬ ಆಚೆಗೆ ಹೋಗಬೇಡಿ; ಮೂಲೆ ಗುರುತಿಸುವಾಗ ಆದ ಸಣ್ಣ ವ್ಯತ್ಯಾಸ ದೂರ ಹೋದಷ್ಟೂ ಬೆಳೆಯುತ್ತದೆ. ವರ್ಚುವಲ್-ಪಿಕ್ಸೆಲ್ ವೈಟ್ ಹಾಕದಿದ್ದರೆ ಫೋಟೊದಾಚೆಯ ಖಾಲಿ ಜಾಗದಲ್ಲಿ ಅಂಚಿನ ಬಣ್ಣವೇ ಗೀರು ಗೀರಾಗಿ ಎಳೆದುಕೊಳ್ಳುತ್ತದೆ. ಹಳೆಯ 6ನೇ ಆವೃತ್ತಿ ಇದ್ದವರು ಮ್ಯಾಜಿಕ್ ಬದಲು ಕನ್ವರ್ಟ್ ಅನ್ನಬೇಕು. ಉಳಿದ ಫೋಟೊಗಳಿಗೆ ಇದನ್ನೇ ಫಾರ್ ಲೂಪ್ (ಒಂದೇ ಕಮಾಂಡನ್ನು ಒಂದೊಂದೇ ಫೈಲಿಗೆ ಓಡಿಸುವ ಬಗೆ) ಒಳಗೆ ಹಾಕುತ್ತೇನೆ. ಇಮೇಜ್‌ಮ್ಯಾಜಿಕ್‌ನದೇ ಇನ್ನೊಂದು ಕಮಾಂಡ್ ಮೊಗ್ರಿಫೈ ಕೂಡ ಈ ಕೆಲಸ ಮಾಡುತ್ತದೆ, ಆದರೆ ಪಾಥ್ (ಹೊಸ ಫೈಲು ಯಾವ ಫೋಲ್ಡರಿಗೆ ಹೋಗಬೇಕು ಅನ್ನುವುದು) ಕೊಡದಿದ್ದರೆ ಮೂಲ ಫೈಲಿನ ಮೇಲೇ ಬರೆದುಬಿಡುತ್ತದೆ.

ನೇರವಾದ ಚಿತ್ರಗಳನ್ನೆಲ್ಲ ಸೇರಿಸಿ ಇವ್ಯಾಲ್ಯುಯೇಟ್-ಸೀಕ್ವೆನ್ಸ್ ಮಿನ್ ಕೊಟ್ಟರೆ ಪ್ರತಿ ಪಿಕ್ಸೆಲ್‌ನಲ್ಲೂ ಅತಿ ಕಪ್ಪಾದದ್ದು ಉಳಿಯುತ್ತದೆ. ಎಡದ ಬೆಳಕಿನ ನೆರಳು, ಬಲದ ಬೆಳಕಿನ ನೆರಳು ಎಲ್ಲ ಒಂದೇ ಚಿತ್ರಕ್ಕೆ ಬಂದು ಕೂರುತ್ತವೆ. ಕಲ್ಲಿನ ಗುಳಿಗಳೂ ಕಪ್ಪಾಗುತ್ತವೆ ನಿಜ. ಆದರೂ ಒಂದೇ ಫೋಟೊದಲ್ಲಿ ಕಾಣದ ಕೊಂಬು, ದೀರ್ಘ ಇಲ್ಲಿ ಎಷ್ಟೋ ಸಲ ಎದ್ದು ಕಾಣುತ್ತವೆ.

ಈ ಲೆಕ್ಕ ನಡೆಯುವುದು ಸಮತಟ್ಟಾದ ಮೇಲ್ಮೈಗೆ ಮಾತ್ರ. ವೀರಗಲ್ಲಿನಲ್ಲಿ ಶಿಲ್ಪಪಟ್ಟಿಗಳ ನಡುವಿನ ಬರಹದ ಸಾಲು ನೇರವಾಗುತ್ತದೆ. ಮುಂದೆ ಚಾಚಿಕೊಂಡ ವೀರ, ಕುದುರೆ ಸೊಟ್ಟಗೇ ಉಳಿಯುತ್ತವೆ. ವೈಡ್ ಲೆನ್ಸ್‌ನಲ್ಲಿ ತೆಗೆದ ಫೋಟೊದಲ್ಲಿ ನೇರ ಗೆರೆಯೇ ಬಾಗಿರುತ್ತದೆ, ಅದನ್ನೂ ಪರ್ಸ್‌ಪೆಕ್ಟಿವ್ ಸರಿಮಾಡದು. ಸಾಧ್ಯವಾದಷ್ಟು ಹಿಂದೆ ಸರಿದು ಮಾಮೂಲಿ ಲೆನ್ಸ್‌ನಲ್ಲೇ ತೆಗೆಯಿರಿ. ತುಂಬ ಓರೆಯಾದರೆ ದೂರದ ತುದಿಯ ಅಕ್ಷರಕ್ಕೆ ಸಿಕ್ಕಿರುವುದೇ ನಾಲ್ಕಾರು ಪಿಕ್ಸೆಲ್. ಎಳೆದು ದೊಡ್ಡದು ಮಾಡಿದರೆ ಮಸುಕು ದೊಡ್ಡದಾಗುತ್ತದೆ ಅಷ್ಟೇ.

ಕಲ್ಲಿನ ಹತ್ತಿರ ಇರುವಾಗಲೇ ಇನ್ನೊಂದು ಅಳತೆ ತೆಗೆದುಕೊಂಡಿರಿ. ಒಂದು ಸಾಲಿನ ಮೊದಲ ಅಕ್ಷರದಿಂದ ಕೊನೆಯ ಅಕ್ಷರದವರೆಗೆ ಟೇಪು ಹಿಡಿದು ಬರೆದಿಟ್ಟುಕೊಳ್ಳಿ. ಮೇಲಿನ ಒಂದು ಸಾಲು, ಕೆಳಗಿನ ಒಂದು ಸಾಲು ಸಾಕು. ಟೇಪಿನಲ್ಲಿ 34 ಸೆಂಟಿಮೀಟರ್ ಬಂದ ಸಾಲು ನೇರ ಮಾಡಿದ ಚಿತ್ರದಲ್ಲಿ 680 ಪಿಕ್ಸೆಲ್ ಆಸುಪಾಸು ಬರಬೇಕು. ಕೆಳಗಿನ ಸಾಲು ಸರಿಬಂದು ಮೇಲಿನದು ಬರದಿದ್ದರೆ, ಮೊದಲು ಚೌಕಟ್ಟಿನ ಮೇಲ್ಭಾಗ ಕಲ್ಲಿಗೆ ತಾಗಿತ್ತೇ ಅಂತ ಆ ಫೋಟೊದಲ್ಲಿ ನೋಡಿ.